ಜಾನ್ ವಾರ್ಡ್: ಕರಾರು ಓದಿದ ಆಟಗಾರ

ಜೀವನಚರಿತ್ರೆಯ ವಿಧಾನದಲ್ಲಿ ಪಾಠ ಮಾಡಬೇಕೆಂದಾಗ ನಮ್ಮಲ್ಲಿ ಹೆಚ್ಚಿನವರು ಗಾಂಧೀಜಿ, ಅಂಬೇಡ್ಕರ್, ವಿಶ್ವೇಶ್ವರಯ್ಯನವರನ್ನು ಆರಿಸಿಕೊಳ್ಳುತ್ತೇವೆ. ಅವರ ಬದುಕಿನ ಬಗ್ಗೆ ಸಾಮಗ್ರಿ ಬೇಕಾದಷ್ಟಿದೆ, ಮಕ್ಕಳಿಗೂ ಹೆಸರು ಗೊತ್ತು. ಆದರೆ ಸಮಾಜ ವಿಜ್ಞಾನದಲ್ಲಿ ದುಡಿಮೆ, ಕೂಲಿ, ಕಾರ್ಮಿಕ ಸಂಘ ಎಂಬ ಮಾತುಗಳು ಬಂದಾಗ ತರಗತಿ ತಣ್ಣಗಾಗುತ್ತದೆ. ಕಾರ್ಖಾನೆಯನ್ನೇ ಕಾಣದ ಮಕ್ಕಳಿಗೆ ಮುಷ್ಕರ ಎಂದರೆ ಬಸ್ಸು ಬರದ ದಿನ, ಅಷ್ಟೆ. ಅವರಿಗೆ ಹತ್ತಿರದ್ದು ಆಟ. ಹಾಗಾಗಿ ಒಂಬತ್ತನೆಯ ತರಗತಿಯ ಬೋಧನಾಭ್ಯಾಸಕ್ಕೆ ನಾನು ಒಬ್ಬ ಆಟಗಾರನನ್ನೇ ಹುಡುಕಿಕೊಂಡೆ: ಅಮೆರಿಕದ ಬೇಸ್‌ಬಾಲ್ ಆಟಗಾರ ಜಾನ್ ಮಾಂಟ್ಗೊಮರಿ ವಾರ್ಡ್. ಅವನ ದೇಶದಲ್ಲಿ ಆಟದ ಚರಿತ್ರೆ ಬಲ್ಲವರಿಗೆಲ್ಲ ಅವನ ಹೆಸರು ಗೊತ್ತು. ನಮಗೆ ಹೊಸದು. ಎರಡು ಅವಧಿಗಳಲ್ಲಿ ನಾನು ಹೇಳಿದ ಅವನ ಬದುಕನ್ನು, ಸಮಯ ಸಾಲದೆ ತರಗತಿಯಲ್ಲಿ ಬಿಟ್ಟ ಕೆಲವು ವಿವರಗಳನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಎರಡು ಮಾತು ಸಾಕು. ನಮ್ಮ ಬೌಲರ್ ಇರುವ ಜಾಗದಲ್ಲಿ ಅಲ್ಲಿ ಪಿಚರ್ ಇರುತ್ತಾನೆ. ಹೊಡೆದವನು ಮೈದಾನದ ನಾಲ್ಕು ಮೂಲೆಗಳನ್ನು, ಅಂದರೆ ಬೇಸ್‌ಗಳನ್ನು, ಮುಟ್ಟಿ ಬಂದರೆ ಒಂದು ರನ್. ಒಂದು ತಂಡಕ್ಕೆ ಒಂಬತ್ತು ಸರದಿ, ಸರದಿಗೆ ಮೂರು ಔಟ್. ಕಪ್ಪುಹಲಗೆಯ ಮೇಲೆ ಒಂದು ಚೌಕ ಬರೆದು ಇಷ್ಟು ಹೇಳಿದರೆ ಮಕ್ಕಳು ಮುಂದಿನದನ್ನು ತಾವೇ ಊಹಿಸಿಕೊಳ್ಳುತ್ತಾರೆ. ಆಟದ ನಿಯಮಗಳಲ್ಲಿ ಹೆಚ್ಚು ಹೊತ್ತು ಕಳೆಯಬೇಡಿ ಎಂಬುದು ನನ್ನ ಸಲಹೆ. ಈ ಪಾಠದ ನಿಯಮ ಬೇರೆ ಕಡೆ ಇದೆ.

ವಾರ್ಡ್ ಹುಟ್ಟಿದ್ದು 1860ರ ಮಾರ್ಚ್ 3ರಂದು, ಪೆನ್ಸಿಲ್ವೇನಿಯಾ ರಾಜ್ಯದ ಬೆಲ್‌ಫಾಂಟ್ ಎಂಬ ಊರಿನಲ್ಲಿ. ಬೆಳೆದದ್ದು ಅದೇ ರಾಜ್ಯದ ರೆನೋವೊ ಎಂಬ ರೈಲ್ವೆ ಊರಿನಲ್ಲಿ. ತಾಯಿ ಶಾಲೆಯ ಮೇಡಂ ಆಗಿದ್ದವಳು. (ಇದನ್ನು ಕೇಳಿದಾಗ ಮಕ್ಕಳು ನನ್ನ ಕಡೆ ನೋಡಿ ನಕ್ಕರು.) ಹದಿನಾಲ್ಕು ತುಂಬಿದ ಸ್ವಲ್ಪ ಕಾಲದಲ್ಲಿ ತಂದೆ ತಾಯಿ ಇಬ್ಬರೂ ಇಲ್ಲವಾಗಿದ್ದರು. ಅಷ್ಟು ಹೊತ್ತಿಗೆ ಹುಡುಗ ಪೆನ್ಸಿಲ್ವೇನಿಯಾ ಸ್ಟೇಟ್ ಕಾಲೇಜಿಗೆ ಸೇರಿದ್ದ. ಅಲ್ಲಿ ಓದಿಗಿಂತ ಬೇಸ್‌ಬಾಲ್ ಕಲಿತದ್ದೇ ಹೆಚ್ಚು. ಕೊನೆಗೆ ಪುಂಡಾಟಕ್ಕಾಗಿ ಕಾಲೇಜಿನಿಂದ ಹೊರಬಿದ್ದ. ಊರೂರು ತಿರುಗಿ ಸಾಮಾನು ಮಾರುವ ಕೆಲಸ ಹಿಡಿದ, ಅದೂ ಕೈಹಿಡಿಯಲಿಲ್ಲ. ಉಳಿದದ್ದು ಚೆಂಡೊಂದೇ.

1878ರಲ್ಲಿ, ಹದಿನೆಂಟನೆಯ ವಯಸ್ಸಿಗೆ, ಪ್ರಾವಿಡೆನ್ಸ್ ನಗರದ ಗ್ರೇಸ್ ತಂಡ ಅವನನ್ನು ಪಿಚರ್ ಆಗಿ ಸೇರಿಸಿಕೊಂಡಿತು. ಮರುವರ್ಷ ಅವನು ಒಬ್ಬನೇ 47 ಪಂದ್ಯಗಳನ್ನು ಗೆದ್ದುಕೊಟ್ಟ. ತಂಡ ನ್ಯಾಷನಲ್ ಲೀಗ್‌ನ ಪ್ರಶಸ್ತಿ ಪಡೆಯಿತು. 1880ರ ಜೂನ್ 17ರಂದು ಬಫಲೊ ತಂಡದ ಎದುರು ಅವನು ಎಸೆದ ಪಂದ್ಯವನ್ನು ಪರ್ಫೆಕ್ಟ್ ಗೇಮ್ ಎನ್ನುತ್ತಾರೆ: ಎದುರಾಳಿಯ 27 ಸರದಿಗಳಲ್ಲಿ ಒಬ್ಬನೂ ಮೊದಲ ಬೇಸನ್ನು ಸಹ ಮುಟ್ಟಲಿಲ್ಲ. ವೃತ್ತಿಪರ ಲೀಗ್‌ಗಳ ಚರಿತ್ರೆಯಲ್ಲಿ ಅದು ಎರಡನೆಯದು. ಮೊದಲನೆಯದು ನಡೆದು ಐದೇ ದಿನ ಆಗಿತ್ತು. ವಾರ್ಡ್‌ಗೆ ಆಗ ಇಪ್ಪತ್ತು ವರ್ಷ.

ಈ ಗೆಲುವುಗಳ ನಡುವೆಯೇ ಒಂದು ಸಣ್ಣ ಸಭೆ ನಡೆಯಿತು. ನನ್ನ ಪಾಠದ ನಿಜವಾದ ಆರಂಭ ಅಲ್ಲಿದೆ. 1879ರ ಸೆಪ್ಟೆಂಬರ್ ಕೊನೆಗೆ ಬಫಲೊದಲ್ಲಿ ನ್ಯಾಷನಲ್ ಲೀಗ್‌ನ ಕ್ಲಬ್ ಮಾಲೀಕರು ಸೇರಿ ತಮ್ಮೊಳಗೆ ಒಂದು ಒಪ್ಪಂದ ಮಾಡಿಕೊಂಡರು. ಅಲ್ಲಿಯವರೆಗೆ ಋತು ಮುಗಿದೊಡನೆ ಆಟಗಾರ ಸ್ವತಂತ್ರ. ಯಾರು ಹೆಚ್ಚು ಕೊಟ್ಟರೆ ಅವರ ಕಡೆ ಹೋಗಬಹುದಿತ್ತು. ಇದರಿಂದ ಸಂಬಳ ಏರುತ್ತಿತ್ತು. ಇನ್ನು ಮುಂದೆ ಪ್ರತಿ ಕ್ಲಬ್ಬೂ ಐದು ಆಟಗಾರರ ಹೆಸರನ್ನು ಕಾಯ್ದಿರಿಸಬಹುದು, ಆ ಐವರನ್ನು ಬೇರೆ ಯಾವ ಕ್ಲಬ್ಬೂ ಮಾತನಾಡಿಸಬಾರದು ಎಂಬುದೇ ಒಪ್ಪಂದ. ಆಟಗಾರರನ್ನು ಯಾರೂ ಕೇಳಲಿಲ್ಲ, ಅವರ ಕರಾರಿನಲ್ಲಿ ಅದನ್ನು ಬರೆಯಲೂ ಇಲ್ಲ. ಐದು ಇದ್ದದ್ದು 1883ಕ್ಕೆ ಹನ್ನೊಂದಾಯಿತು, 1887ಕ್ಕೆ ಹದಿನಾಲ್ಕು. ಅಂದರೆ ಇಡೀ ತಂಡ. ಕರಾರು ಒಂದು ವರ್ಷದ್ದೇ. ಆದರೆ ವರ್ಷ ಮುಗಿದಾಗ ಹೋಗಲು ಜಾಗವಿಲ್ಲ. ಮುಂದಿನ ವರ್ಷಕ್ಕೆ ಸಹಿ ಹಾಕಿದರೆ ಅದರ ಮುಂದಿನ ವರ್ಷಕ್ಕೂ ಕಾಯ್ದಿರಿಸುತ್ತಾರೆ. ಹೀಗೆ ಒಂದು ವರ್ಷದ ಕರಾರು ಕ್ಲಬ್ಬು ಸಾಕು ಎನ್ನುವವರೆಗೂ ಎಳೆಯುತ್ತಿತ್ತು. ಒಪ್ಪದವನ ಹೆಸರು ಕಪ್ಪುಪಟ್ಟಿಗೆ.

ಇದರ ಮೊದಲ ಏಟು ವಾರ್ಡ್‌ನ ಕಣ್ಣೆದುರೇ ಬಿತ್ತು. 1879ರಲ್ಲಿ ಪ್ರಾವಿಡೆನ್ಸ್ ತಂಡವನ್ನು ಪ್ರಶಸ್ತಿಗೆ ಕರೆದೊಯ್ದ ನಾಯಕ ಜಾರ್ಜ್ ರೈಟ್ ಮರುವರ್ಷ ಬಾಸ್ಟನ್‌ಗೆ ಹೋಗಬೇಕೆಂದಿದ್ದ. ಕ್ಲಬ್ಬು ಅವನ ಹೆಸರನ್ನು ಕಾಯ್ದಿರಿಸಿತು. ಅವನು ಸಹಿ ಹಾಕಲು ಒಪ್ಪಲಿಲ್ಲ. 1880ರ ಋತು ಹೆಚ್ಚುಕಡಿಮೆ ಪೂರ್ತಿ ಅವನು ಆಡದೆಯೇ ಕಳೆಯಿತು.

ಮಕ್ಕಳಿಗೆ ನಾನು ಹೇಳಿದ್ದರಲ್ಲಿ ಹೆಚ್ಚು ನಾಟಿದ್ದು ಇನ್ನೊಬ್ಬನ ಪಾಡು. ಬಫಲೊ ತಂಡದಲ್ಲಿ ಚಾರ್ಲಿ ಫೋಲಿ ಎಂಬವನಿದ್ದ. ಕಾಯಿಲೆ ಬಿದ್ದು ಆಡಲಾಗಲಿಲ್ಲ. ಕ್ಲಬ್ಬು ಸಂಬಳ ನಿಲ್ಲಿಸಿತು, ಆದರೆ ಋತುವಿನ ಕೊನೆಗೆ ಅವನ ಹೆಸರನ್ನು ಕಾಯ್ದಿರಿಸಿದವರ ಪಟ್ಟಿಯಲ್ಲಿ ಸೇರಿಸಿತು. ಮರುವರ್ಷ ಸ್ವಲ್ಪ ಚೇತರಿಸಿಕೊಂಡು ಬಂದರೆ ಕೆಲಸ ಕೊಡಲಿಲ್ಲ. ಸಣ್ಣ ತಂಡಗಳು ಕರೆದವು, ಅಲ್ಲಿಗೆ ಹೋಗಲು ಬಿಡುಗಡೆಯನ್ನೂ ಕೊಡಲಿಲ್ಲ. ಔಷಧಿಗೆ ಕಾಸಿಲ್ಲದೆ ಆ ಬೇಸಗೆಯನ್ನು ಸುಮ್ಮನೆ ಕೂತು ಕಳೆದ. ಋತು ಮುಗಿದಾಗ ಅವನ ಹೆಸರು ಮತ್ತೆ ಅದೇ ಪಟ್ಟಿಯಲ್ಲಿತ್ತು. ಮುಂದೆ ವಾರ್ಡ್ ತನ್ನ ಬರಹದಲ್ಲಿ ಈ ಸಂಗತಿಯನ್ನು ಎತ್ತಿ ಹೇಳಿದ. ಕಾಯ್ದಿರಿಸುವುದು ಎಂದರೇನು ಎಂದು ಅರ್ಥ ಬರೆಸುವುದಕ್ಕಿಂತ ಫೋಲಿಯ ಕತೆ ಹೇಳುವುದು ಮೇಲು.

1883ರಲ್ಲಿ ಪ್ರಾವಿಡೆನ್ಸ್ ಕ್ಲಬ್ಬು ವಾರ್ಡ್‌ನನ್ನೇ ನ್ಯೂಯಾರ್ಕ್‌ಗೆ ಮಾರಿತು. ಮುಂದೆ ಜಯಂಟ್ಸ್ ಎಂದು ಹೆಸರಾದ ತಂಡ ಅದು. ಅಷ್ಟರಲ್ಲಿ ಎಸೆದೆಸೆದು ಅವನ ತೋಳು ಸೋತಿತ್ತು. 1882ರಲ್ಲಿ ಡೆಟ್ರಾಯಿಟ್ ವಿರುದ್ಧ 18 ಸರದಿಗಳನ್ನು ಒಬ್ಬನೇ ಎಸೆದು 1–0ಯಿಂದ ಗೆದ್ದವನು ಅವನು. 1884ರಲ್ಲಿ ಬೇಸ್‌ಗಳ ನಡುವೆ ಓಡುವಾಗ ಬಿದ್ದು ಬಲತೋಳಿಗೆ ಪೆಟ್ಟಾಯಿತು. ಬೇರೆಯವನಾದರೆ ಮನೆಗೆ ಹೋಗುತ್ತಿದ್ದ. ಇವನು ಎಡಗೈಯಲ್ಲಿ ಎಸೆಯುವುದನ್ನು ಕಲಿತು ಮೈದಾನದ ದೂರದಲ್ಲಿ ನಿಂತು ಆ ವರ್ಷ ಮುಗಿಸಿದ. ಬಲತೋಳು ಸರಿಯಾದ ಮೇಲೆ 1885ರಿಂದ ಶಾರ್ಟ್‌ಸ್ಟಾಪ್ ಎಂಬ, ಅತಿ ಚುರುಕು ಬೇಕಾದ ಜಾಗದಲ್ಲಿ ನಿಂತ. ಪಿಚರ್ ಆಗಿ ನೂರಕ್ಕೂ ಹೆಚ್ಚು ಗೆಲುವು, ಬ್ಯಾಟ್ ಹಿಡಿದು ಎರಡು ಸಾವಿರಕ್ಕೂ ಹೆಚ್ಚು ಹಿಟ್, ಈ ಎರಡೂ ಒಬ್ಬನಲ್ಲೇ ಕೂಡಿದ್ದು ಅವನೊಬ್ಬನಲ್ಲಿ.

ಆಟವಿಲ್ಲದ ಚಳಿಗಾಲದ ತಿಂಗಳುಗಳಲ್ಲಿ ಅವನು ಮಾಡಿದ ಕೆಲಸ ಇನ್ನೂ ವಿಶೇಷ. ಕಾಲೇಜಿನಿಂದ ಹೊರಬಿದ್ದಿದ್ದ ಹುಡುಗ ನ್ಯೂಯಾರ್ಕ್‌ನ ಕೊಲಂಬಿಯಾದಲ್ಲಿ ಕಾನೂನು ಓದಿ 1885ರಲ್ಲಿ ಪದವಿ ಪಡೆದ. ಅಂದಿನಿಂದ ಅವನು ಕರಾರನ್ನು ಆಟಗಾರನಂತೆ ನೋಡಲಿಲ್ಲ, ವಕೀಲನಂತೆ ಓದಿದ. ಆಟಗಾರರ ಪೈಕಿ ಬಹಳ ಜನ ಗಣಿ, ಗಿರಣಿಗಳ ಬೀದಿಗಳಿಂದ ಬಂದವರು. ಕಾಗದ ಮುಂದಿಟ್ಟರೆ ಸಂಬಳದ ಅಂಕಿ ನೋಡಿ ಸಹಿ ಹಾಕುತ್ತಿದ್ದರು. ಆ ಕಾಗದದಲ್ಲಿ ಕ್ಲಬ್ಬಿಗೆ ಏನು ಸಿಗುತ್ತದೆ, ತನಗೆ ಏನು ಸಿಗುತ್ತದೆ ಎಂದು ಪಕ್ಕಪಕ್ಕದಲ್ಲಿ ಇಟ್ಟು ನೋಡಿದವನು ವಾರ್ಡ್. ಕ್ಲಬ್ಬು ಹತ್ತು ದಿನದ ನೋಟಿಸ್ ಕೊಟ್ಟು ಆಟಗಾರನನ್ನು ತೆಗೆದುಹಾಕಬಹುದು. ಆಟಗಾರ ಯಾವ ನೋಟಿಸ್ ಕೊಟ್ಟೂ ಬಿಟ್ಟುಹೋಗುವಂತಿಲ್ಲ. ಈ ಎರಡು ವಾಕ್ಯಗಳನ್ನು ನಾನು ಹಲಗೆಯ ಮೇಲೆ ಎದುರುಬದುರು ಬರೆದೆ, ಮಧ್ಯೆ ಒಂದು ಗೆರೆ ಎಳೆದೆ. ಪಾಠೋಪಕರಣ ಅಷ್ಟೆ.

1885ರ ಅಕ್ಟೋಬರ್‌ನಲ್ಲಿ ಮಾಲೀಕರು ಯಾವ ಆಟಗಾರನಿಗೂ ವರ್ಷಕ್ಕೆ 2,000 ಡಾಲರ್‌ಗಿಂತ ಹೆಚ್ಚು ಕೊಡಬಾರದೆಂದು ನಿರ್ಧರಿಸಿದರು. ಅದೇ ತಿಂಗಳ 22ರಂದು ನ್ಯೂಯಾರ್ಕ್ ತಂಡದ ಒಂಬತ್ತು ಜನ ಸೇರಿ ಒಂದು ಸಂಘ ಕಟ್ಟಿದರು. ಬ್ರದರ್‌ಹುಡ್ ಎಂದು ಕರೆದರು, ಆಟಗಾರರ ಸೋದರ ಸಂಘ. ವಾರ್ಡ್ ಅದರ ಅಧ್ಯಕ್ಷ. ಮಾಲೀಕರಿಗೆ ತಿಳಿಯದಂತೆ ಮರುವರ್ಷ ಒಂದೊಂದೇ ತಂಡಕ್ಕೆ ಸಂಘ ಹಬ್ಬಿತು. ಆಟಗಾರರ ಸಂಘ ಅದಕ್ಕೆ ಮೊದಲು ಇರಲಿಲ್ಲ.

ಇಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ನಮ್ಮೆಲ್ಲರ ಮನಸ್ಸಿಗೂ ಬರುವಂಥದು: 2,000 ಡಾಲರ್ ಎಂದರೆ ಆಗಿನ ಕಾಲಕ್ಕೆ ದೊಡ್ಡ ಮೊತ್ತವಲ್ಲವೇ? ಹೌದು. ಗಿರಣಿ ಕೆಲಸಗಾರನ ವರ್ಷದ ಗಳಿಕೆಯ ಹಲವು ಪಟ್ಟು. ಮಾಲೀಕರು ಹೇಳುತ್ತಿದ್ದದ್ದೂ ಅದನ್ನೇ, ಇಷ್ಟು ಸಂಬಳ ತೆಗೆದುಕೊಳ್ಳುವವರಿಗೆ ಸಂಘ ಯಾಕೆ ಎಂದು. ಸಂಬಳ ಹೆಚ್ಚಿದ್ದರೆ ದೂರುವ ಹಕ್ಕು ಇರುವುದಿಲ್ಲವೇ ಎಂಬ ಪ್ರಶ್ನೆಯನ್ನು ನಾನು ತರಗತಿಗೇ ಬಿಟ್ಟೆ, ಉತ್ತರ ಹೇಳದೆ ಮುಂದಿನ ಘಟನೆಗೆ ಹೋದೆ. 1887ರ ಫೆಬ್ರವರಿಯಲ್ಲಿ ಚಿಕಾಗೊ ಕ್ಲಬ್ಬಿನ ಅಧ್ಯಕ್ಷ ಆಲ್ಬರ್ಟ್ ಸ್ಪಾಲ್ಡಿಂಗ್ ತನ್ನ ಪ್ರಸಿದ್ಧ ಆಟಗಾರ ಮೈಕ್ ಕೆಲ್ಲಿಯನ್ನು ಬಾಸ್ಟನ್ ಕ್ಲಬ್ಬಿಗೆ 10,000 ಡಾಲರ್‌ಗೆ ಮಾರಿದ. ಆ ಹಣ ಪೂರ್ತಿ ಚಿಕಾಗೊ ಕ್ಲಬ್ಬಿಗೆ. ಹೊಸ ಕ್ಲಬ್ಬು ಕೆಲ್ಲಿಗೆ ನಿಯಮದ ಪ್ರಕಾರ 2,000 ಡಾಲರ್ ಸಂಬಳ ಬರೆದು, ಅವನ ಭಾವಚಿತ್ರ ಬಳಸಿಕೊಳ್ಳಲೆಂದು ಇನ್ನೂ 3,000 ಕೊಟ್ಟಿತು. ತಾವೇ ಮಾಡಿದ ನಿಯಮದಿಂದ ಮಾಲೀಕರು ಹೇಗೆ ನುಣುಚಿಕೊಂಡರೆಂಬುದಕ್ಕೆ ಆ ಭಾವಚಿತ್ರವೇ ಸಾಕ್ಷಿ.

ತಕ್ಷಣ ಹಿಂದಿನ ಬೆಂಚಿನಿಂದ ಐಪಿಎಲ್ ಹರಾಜಿನ ಮಾತು ಬಂತು. ಬರಲೇಬೇಕು. 2022ರ ಹರಾಜು ಬೆಂಗಳೂರಿನಲ್ಲೇ ನಡೆದದ್ದನ್ನು ಅವರು ಟೀವಿಯಲ್ಲಿ ನೋಡಿದ್ದರು. ಅದೂ ಮಾರಾಟವೇ ಅಲ್ಲವೇ ಎಂಬುದು ಅವರ ಅನುಮಾನ. ಹೋಲಿಕೆ ಇದೆ, ಆದರೆ ವ್ಯತ್ಯಾಸವನ್ನು ಬಿಡಿಸಿ ತೋರಿಸುವುದು ನಮ್ಮ ಕೆಲಸ. ಹರಾಜಿನಲ್ಲಿ ಕೂಗಿದ ಹಣ ಆಟಗಾರನ ಸಂಬಳವಾಗುತ್ತದೆ, ಕೆಲ್ಲಿಯ ಬೆಲೆ ಹಳೆಯ ಮಾಲೀಕನ ಜೇಬಿಗೆ ಹೋಯಿತು. ಹರಾಜಿನಲ್ಲಿ ಹತ್ತು ಜನ ಪೈಪೋಟಿ ಮಾಡುತ್ತಾರೆ, ಬಫಲೊ ಒಪ್ಪಂದ ಹುಟ್ಟಿದ್ದೇ ಎರಡನೆಯವನು ಕೂಗದಂತೆ ಮಾಡಲು. ಅನಂತರ, ತಂಡಗಳು ಆಟಗಾರರನ್ನು ಉಳಿಸಿಕೊಳ್ಳುವ ಪದ್ಧತಿಯ ಬಗ್ಗೆ ಒಳ್ಳೆಯ ಚರ್ಚೆಯೇ ನಡೆಯಿತು.

ಅದೇ 1887ರ ಆಗಸ್ಟ್‌ನಲ್ಲಿ ವಾರ್ಡ್ ಲಿಪಿನ್‌ಕಾಟ್ಸ್ ಎಂಬ ಮಾಸಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಬೇಸ್‌ಬಾಲ್ ಆಟಗಾರ ಚರಾಸ್ತಿಯೇ ಎಂಬ ಅರ್ಥದ ತಲೆಬರಹ. ಅಂತರ್ಯುದ್ಧಕ್ಕೆ ಮೊದಲು ಅಮೆರಿಕದಲ್ಲಿ ಒಂದು ಕಾನೂನಿತ್ತು: ಗುಲಾಮನೊಬ್ಬ ತಪ್ಪಿಸಿಕೊಂಡು ಗುಲಾಮಗಿರಿ ಇಲ್ಲದ ರಾಜ್ಯ ಸೇರಿದರೂ ಅವನನ್ನು ಹಿಡಿದು ಒಡೆಯನಿಗೆ ಒಪ್ಪಿಸಬೇಕು. ಕಾಯ್ದಿರಿಸುವ ನಿಯಮ ಅದರಂತೆಯೇ ಇದೆ ಎಂದು ವಾರ್ಡ್ ವಾದಿಸಿದ. ಎಲ್ಲಿಗೆ ಓಡಿದರೂ ಹಳೆಯ ಕ್ಲಬ್ಬಿನ ಹಕ್ಕು ಬೆನ್ನಟ್ಟಿ ಬರುತ್ತದೆ. ಲೇಖನ ಬರೀ ಸಿಟ್ಟಿನದಲ್ಲ. ಒಂದು ಲೀಗ್ ಸ್ಥಿರವಾಗಿ ನಿಲ್ಲಬೇಕಾದರೆ ಇಂಥ ನಿಯಮದಿಂದ ಪ್ರಯೋಜನವುಂಟು ಎಂಬುದನ್ನು ಅವನು ಒಪ್ಪಿದ್ದ. ಉಳಿಸಿಕೊಳ್ಳಲೆಂದು ಮಾಡಿದ ನಿಯಮವನ್ನು ಮಾರಲು ಬಳಸುತ್ತಿದ್ದಾರೆ ಎಂಬುದು ಅವನ ಮುಖ್ಯ ತಕರಾರು.

ಗುಲಾಮಗಿರಿಯ ಹೋಲಿಕೆಯನ್ನು ತರಗತಿಯಲ್ಲಿ ಹೇಳುವಾಗ ಎಚ್ಚರ ಬೇಕು. ನಮ್ಮ ಮಕ್ಕಳಿಗೆ ತಕ್ಷಣ ಹೊಳೆಯುವ ಮಾತು ಜೀತ. ಕೆಲವರ ಮನೆಗಳಲ್ಲಿ ಅಜ್ಜನ ಕಾಲದ ನೆನಪಾಗಿಯೂ ಅದು ಇರುತ್ತದೆ. ಸಾಲಕ್ಕಾಗಿ ತಲೆಮಾರುಗಟ್ಟಲೆ ಒಬ್ಬರ ಹೊಲದಲ್ಲಿ ದುಡಿದವರಿಗೂ ಸಾವಿರಾರು ಡಾಲರ್ ಪಡೆಯುವ ಆಟಗಾರನಿಗೂ ಸಮ ಹಾಕುವುದು ಸರಿಯಲ್ಲ ಎಂದು ನಾನು ಸ್ಪಷ್ಟವಾಗಿ ಹೇಳಿದೆ. ವಾರ್ಡ್‌ನ ದೇಶದಲ್ಲೇ ನಿಜವಾದ ಗುಲಾಮರಾಗಿದ್ದವರು ಆಗ ಜೀವಂತವಾಗಿದ್ದರು. ಗುಲಾಮಗಿರಿ ಕಾನೂನಿನಿಂದ ಅಳಿದಾಗ ವಾರ್ಡ್ ಐದು ವರ್ಷದ ಮಗು. ಅವನು ಲೇಖನ ಬರೆದ ಬೇಸಗೆಯಲ್ಲೇ, 1887ರ ಜುಲೈನಲ್ಲಿ, ಇಂಟರ್‌ನ್ಯಾಷನಲ್ ಲೀಗ್ ಇನ್ನು ಮುಂದೆ ಕಪ್ಪು ಆಟಗಾರರೊಂದಿಗೆ ಹೊಸ ಕರಾರು ಮಾಡಿಕೊಳ್ಳುವುದಿಲ್ಲವೆಂದು ನಿರ್ಧರಿಸಿತು. ಜಾರ್ಜ್ ಸ್ಟೋವಿ ಎಂಬ ಕಪ್ಪು ಪಿಚರ್‌ನನ್ನು ನ್ಯೂಯಾರ್ಕ್ ತಂಡಕ್ಕೆ ತರಲು ವಾರ್ಡ್ ಬಯಸಿದ್ದನೆಂದು ಹೇಳುತ್ತಾರೆ. ಅದು ಆಗಲಿಲ್ಲ. ಮುಂದೆ ಆಟಗಾರರೇ ಕಟ್ಟಿದ ಲೀಗ್‌ನಲ್ಲೂ ಒಬ್ಬ ಕಪ್ಪು ಆಟಗಾರನಿರಲಿಲ್ಲ. ಈ ಭಾಗವನ್ನು ಬಿಟ್ಟು ವಾರ್ಡ್‌ನನ್ನು ಹೇಳಿದರೆ ಅರ್ಧ ಹೇಳಿದಂತೆ.

ಆ ವರ್ಷದ ಕೊನೆಗೆ ಮಾಲೀಕರು ಸಂಘದ ಪ್ರತಿನಿಧಿಗಳನ್ನು ಕರೆದು ಮಾತನಾಡಿದರು. ಕಾಯ್ದಿರಿಸುವ ವಿಷಯ ಮೊದಲ ಬಾರಿಗೆ ಕರಾರಿನಲ್ಲೇ ಬರವಣಿಗೆಗೆ ಬಂತು. ಅದೇ ಹೊತ್ತಿಗೆ ವಾರ್ಡ್ ಹೆಲೆನ್ ಡೌವ್ರೇ ಎಂಬ ರಂಗನಟಿಯನ್ನು ಮದುವೆಯಾದ. ಈ ದಾಂಪತ್ಯ ಕೆಲವೇ ವರ್ಷಗಳದ್ದು. ಸಂಘಕ್ಕೂ ಲೀಗ್‌ಗೂ ನಡುವಿನ ಸೌಹಾರ್ದದ ಆಯುಸ್ಸು ಇನ್ನೂ ಕಡಿಮೆ.

1888ರ ಚಳಿಗಾಲದಲ್ಲಿ ಸ್ಪಾಲ್ಡಿಂಗ್ ಎರಡು ತಂಡಗಳನ್ನು ಜಗತ್ತು ಸುತ್ತಲು ಕರೆದೊಯ್ದ. ಒಂದು ಅವನ ಚಿಕಾಗೊ ತಂಡ. ಇನ್ನೊಂದು ಎಲ್ಲ ಕ್ಲಬ್‌ಗಳಿಂದ ಆರಿಸಿದ ಆಟಗಾರರದ್ದು, ಅದರ ನಾಯಕ ವಾರ್ಡ್. ಆಸ್ಟ್ರೇಲಿಯಾ, ಕೊಲಂಬೊ, ಈಜಿಪ್ಟಿನ ಪಿರಮಿಡ್ಡುಗಳು, ಇಟಲಿ, ಫ್ರಾನ್ಸ್, ಇಂಗ್ಲೆಂಡ್. ನಮ್ಮ ಪಕ್ಕದ ಸಿಂಹಳದಲ್ಲಿ 1889ರ ಜನವರಿಯಲ್ಲಿ ಅವರು ಒಂದು ಪಂದ್ಯ ಆಡಿದರು ಎಂಬುದನ್ನು ಭೂಪಟದಲ್ಲಿ ತೋರಿಸಿದಾಗ ಮಕ್ಕಳಿಗೆ ಸಂತೋಷವಾಯಿತು. ಆದರೆ ಸಂಘದ ಅಧ್ಯಕ್ಷ ಸಮುದ್ರದ ಮೇಲಿದ್ದಾಗ ಊರಿನಲ್ಲಿ ಮಾಲೀಕರು ಸಭೆ ಸೇರಿ ಹೊಸ ಯೋಜನೆಯೊಂದನ್ನು ಒಪ್ಪಿಬಿಟ್ಟಿದ್ದರು. ಇಂಡಿಯಾನಾಪೊಲಿಸ್ ಕ್ಲಬ್ಬಿನ ಜಾನ್ ಬ್ರಷ್ ಸೂಚಿಸಿದ ಯೋಜನೆ ಅದು. ಆಟಗಾರರನ್ನು ಐದು ದರ್ಜೆಗಳಾಗಿ ವಿಂಗಡಿಸುವುದು: ಮೊದಲ ದರ್ಜೆಗೆ 2,500 ಡಾಲರ್, ಅನಂತರ 2,250, 2,000, 1,750, ಕೊನೆಯವರಿಗೆ 1,500. ದರ್ಜೆ ನಿರ್ಧರಿಸುವಾಗ ಆಟದ ಜೊತೆಗೆ ಮೈದಾನದ ಹೊರಗಿನ ನಡತೆಯನ್ನೂ ನೋಡುವುದು. ಪ್ರಯಾಣದ ನಡುವೆ ಸುದ್ದಿ ತಲುಪಿತು. ತನ್ನನ್ನು ದೂರ ಒಯ್ದದ್ದೇ ಇದಕ್ಕಾಗಿಯೋ ಎಂಬ ಸಂಶಯ ಆಟಗಾರರಲ್ಲಿ ಹುಟ್ಟಿದ್ದು ಸಹಜ. ವಾರ್ಡ್ ಪ್ರವಾಸ ಮುಗಿಯುವ ಮೊದಲೇ ನ್ಯೂಯಾರ್ಕ್‌ಗೆ ಹಿಂತಿರುಗಿದ. ಅಲ್ಲಿ ಅವನನ್ನೇ 12,000 ಡಾಲರ್‌ಗೆ ವಾಷಿಂಗ್ಟನ್ ಕ್ಲಬ್ಬಿಗೆ ಮಾರುವ ಮಾತು ನಡೆದಿತ್ತು. ಅವನು ಒಪ್ಪಲಿಲ್ಲ, ಮಾರಾಟ ನಿಂತಿತು.

1889ರ ಬೇಸಗೆಯಲ್ಲಿ ಆಟಗಾರರು ಮಾತುಕತೆಗೆ ಕರೆದರೆ ಸ್ಪಾಲ್ಡಿಂಗ್ ಋತು ಮುಗಿಯಲಿ ಎಂದ. ಜುಲೈ 4ರಂದು, ಅಂದರೆ ಅವರ ಸ್ವಾತಂತ್ರ್ಯ ದಿನದಂದು, ಮುಷ್ಕರ ಹೂಡಬೇಕೆಂದು ಹಲವರು ಹಟ ಹಿಡಿದರು. ಅಂದು ಮೈದಾನಗಳು ತುಂಬುವ ದಿನ. ವಾರ್ಡ್ ತಡೆದ. ಒಂದು ದಿನ ಆಟ ನಿಲ್ಲಿಸಿದರೆ ಏನಾಗುತ್ತದೆ? ಮರುದಿನ ಅದೇ ಮಾಲೀಕರ ಮೈದಾನಕ್ಕೆ ಹೋಗಬೇಕು. ಅದರ ಬದಲು ಮೈದಾನವನ್ನೇ ಕಟ್ಟಿಕೊಂಡರೆ? ಕ್ಲೀವ್‌ಲ್ಯಾಂಡ್‌ನಲ್ಲಿ ಟ್ರಾಮ್ ಗಾಡಿಗಳನ್ನು ನಡೆಸುತ್ತಿದ್ದ ಆಲ್ಬರ್ಟ್ ಜಾನ್ಸನ್ ಎಂಬ ಶ್ರೀಮಂತ ಬೆಂಬಲಕ್ಕೆ ಬಂದ. ಬೇರೆ ನಗರಗಳಲ್ಲೂ ಹಣವಂತರು ಸಿಕ್ಕಿದರು. ಆಟಗಾರರು ಋತುವನ್ನು ಸದ್ದಿಲ್ಲದೆ ಆಡಿ ಮುಗಿಸಿದರು. ನವೆಂಬರ್ 4ರಂದು ನ್ಯೂಯಾರ್ಕ್‌ನ ಫಿಫ್ತ್ ಅವೆನ್ಯೂ ಹೋಟೆಲಿನಲ್ಲಿ ತಮ್ಮ ಘೋಷಣೆ ಹೊರಡಿಸಿದರು.

ಹೀಗೆ ಹುಟ್ಟಿದ್ದು 1890ರ ಪ್ಲೇಯರ್ಸ್ ಲೀಗ್. ಎಂಟು ನಗರಗಳಲ್ಲಿ ಎಂಟು ತಂಡ. ಕಾಯ್ದಿರಿಸುವ ಷರತ್ತಿಲ್ಲ, ದರ್ಜೆಯಿಲ್ಲ, ಮಾರಾಟವಿಲ್ಲ. ಲಾಭದಲ್ಲಿ ಆಟಗಾರರಿಗೂ ಪಾಲು. ಲೀಗ್ ನಡೆಸಲು ಹದಿನಾರು ಜನರ ಸಭೆ: ಎಂಟು ಜನ ಆಟಗಾರರ ಕಡೆಯಿಂದ, ಎಂಟು ಜನ ಹಣ ಹಾಕಿದವರ ಕಡೆಯಿಂದ. ಸಹಕಾರ ಸಂಘ ಎಂದರೆ ನಮ್ಮ ಮಕ್ಕಳಿಗೆ ಹಾಲಿನ ಡೈರಿಯ ಮೂಲಕ ಗೊತ್ತು. ಸುಮಾರಾಗಿ ಆ ರೀತಿ ಎಂದೆ. ಆದರೆ ಡೈರಿಯಲ್ಲಿ ಹಾಲು ಹಾಕುವವರೇ ಸದಸ್ಯರು. ಇಲ್ಲಿ ಅರ್ಧ ಕುರ್ಚಿಗಳಲ್ಲಿ ಚೆಂಡು ಮುಟ್ಟದವರಿದ್ದರು. ಇದನ್ನು ನೆನಪಿಡಿ ಎಂದು ಮಕ್ಕಳಿಗೆ ಹೇಳಿದ್ದೆ.

ನ್ಯೂಯಾರ್ಕ್ ಕ್ಲಬ್ಬಿನ ಒಡೆತನದ ಕಂಪನಿ ವಾರ್ಡ್‌ನ ಮೇಲೆ ಮೊಕದ್ದಮೆ ಹೂಡಿತು. 1889ರ ಕರಾರಿನಲ್ಲಿ ಇವನನ್ನು ಕಾಯ್ದಿರಿಸಿದ್ದೇವೆ, ಬೇರೆಡೆ ಆಡದಂತೆ ತಡೆಯಾಜ್ಞೆ ಕೊಡಿ ಎಂದು. 1890ರ ಜನವರಿ 28ರಂದು ನ್ಯಾಯಾಧೀಶ ಮಾರ್ಗನ್ ಓಬ್ರಯನ್ ಅದನ್ನು ನಿರಾಕರಿಸಿದರು. ಮುಂದಿನ ವರ್ಷಕ್ಕೆ ಸಂಬಳವೆಷ್ಟು, ಷರತ್ತುಗಳೇನು ಎಂಬುದು ಆ ಕಾಗದದಲ್ಲಿ ಇಲ್ಲ. ಒಂದು ಕಡೆಯವರು ಹತ್ತು ದಿನದಲ್ಲಿ ಬಿಡಬಹುದು, ಇನ್ನೊಂದು ಕಡೆಯವನು ಬದುಕಿಡೀ ಬಿಡಲಾರ. ಇಂಥ ಒಪ್ಪಂದವನ್ನು ನ್ಯಾಯಾಲಯ ಬಲವಂತದಿಂದ ಜಾರಿ ಮಾಡಲಾರದು ಎಂಬುದು ತೀರ್ಪಿನ ಸಾರ. ಹಲಗೆಯ ಮೇಲೆ ಗೆರೆಯ ಎರಡು ಬದಿಗೆ ಬರೆದಿದ್ದ ಅದೇ ಎರಡು ವಾಕ್ಯಗಳು. ಮಕ್ಕಳು ತಾವೇ ಗುರುತಿಸಿದರು.

ಕೆಲ್ಲಿಯೂ ಹೊಸ ಲೀಗ್‌ಗೆ ಬಂದಿದ್ದ, ಬಾಸ್ಟನ್ ತಂಡದ ನಾಯಕನಾಗಿ. ಸ್ಪಾಲ್ಡಿಂಗ್ ಅವನನ್ನು ಕರೆದು 10,000 ಡಾಲರ್ ಮುಂದಿಟ್ಟ. ಜೊತೆಗೆ, ಮೂರು ವರ್ಷದ ಕರಾರಿಗೆ ಸಂಬಳದ ಅಂಕಿಯನ್ನು ನೀನೇ ತುಂಬಿಕೋ ಎಂದ. ಕೆಲ್ಲಿ ಸ್ವಲ್ಪ ಹೊತ್ತು ಹೊರಗೆ ಅಡ್ಡಾಡಿ ಬಂದು, ಜೊತೆಯ ಹುಡುಗರನ್ನು ಬಿಟ್ಟು ಬರಲಾರೆ ಎಂದು ಬೇಡವೆಂದ. ಖರ್ಚಿಗೆ 500 ಡಾಲರ್ ಸಾಲ ಕೇಳಿದ, ಸ್ಪಾಲ್ಡಿಂಗ್ ಕೊಟ್ಟ. ಇದನ್ನು ಬರೆದಿಟ್ಟವನು ಸ್ಪಾಲ್ಡಿಂಗನೇ. ಎದುರಾಳಿಯ ಬಾಯಿಂದ ಬಂದದ್ದರಿಂದ ನನಗೆ ಈ ಪ್ರಸಂಗ ಇಷ್ಟ.

ಋತು ಶುರುವಾಯಿತು. ಒಂದೇ ನಗರದಲ್ಲಿ ಒಂದೇ ದಿನ ಎರಡು ಲೀಗ್‌ಗಳ ಪಂದ್ಯ. ನ್ಯಾಷನಲ್ ಲೀಗ್ ಬೇಕೆಂದೇ ವೇಳಾಪಟ್ಟಿಯನ್ನು ಹಾಗೆ ಹೊಂದಿಸಿತ್ತು. ಪ್ರೇಕ್ಷಕರ ಲೆಕ್ಕವನ್ನು ಎರಡೂ ಕಡೆಯವರು ಉಬ್ಬಿಸಿ ಹೇಳುತ್ತಿದ್ದರು. ಅವರು ಹೇಳಿಕೊಂಡ ಲೆಕ್ಕದಲ್ಲೇ ಆಟಗಾರರ ಲೀಗ್‌ಗೆ ಸುಮಾರು 9.8 ಲಕ್ಷ ಜನ, ನ್ಯಾಷನಲ್ ಲೀಗ್‌ಗೆ ಸುಮಾರು 8.1 ಲಕ್ಷ. ಬಾಸ್ಟನ್ ಮೊದಲ ಸ್ಥಾನ, ವಾರ್ಡ್ ನಾಯಕನಾಗಿದ್ದ ಬ್ರೂಕ್ಲಿನ್ ಎರಡನೆಯದು. ಆಟದಲ್ಲಿ ಗೆದ್ದರು, ನ್ಯಾಯಾಲಯದಲ್ಲಿ ಗೆದ್ದರು, ಜನರನ್ನೂ ಗೆದ್ದರು. ಆದರೂ ಹಣ ಹಾಕಿದವರಿಗೆ ನಷ್ಟವಾಗಿತ್ತು. ಹಳೆಯ ಲೀಗ್‌ಗೆ ಅದಕ್ಕಿಂತ ಹೆಚ್ಚಿನ ನಷ್ಟವಾಗಿತ್ತು. ಮುಳುಗುತ್ತಿದ್ದ ನ್ಯೂಯಾರ್ಕ್ ಕ್ಲಬ್ಬನ್ನು ಬೇರೆ ಮಾಲೀಕರು ಹಣ ಕೊಟ್ಟು ಎತ್ತಿ ನಿಲ್ಲಿಸಿದ್ದರು. ಸ್ಪಾಲ್ಡಿಂಗ್ ಮಾತ್ರ ತನ್ನ ಕಡೆಯ ನಷ್ಟವನ್ನು ಮುಖದಲ್ಲಿ ತೋರಿಸಲಿಲ್ಲ.

ಅಕ್ಟೋಬರ್‌ನಲ್ಲಿ ಸಂಧಾನದ ಮಾತು ಬಂತು. ಆಟಗಾರರ ಲೀಗ್‌ನ ಹಣವಂತರು ಹಳೆಯ ಮಾಲೀಕರೊಂದಿಗೆ ಕೂತರು. ವಾರ್ಡ್ ಮತ್ತು ಇಬ್ಬರು ಜೊತೆಗಾರರು ಆ ಸಭೆಯಲ್ಲಿ ತಮಗೂ ಸ್ಥಾನ ಬೇಕೆಂದು ಹೋದರು. ಇದು ಬಂಡವಾಳ ಹಾಕಿದವರ ಸಭೆ, ಆಟಗಾರರಿಗೆ ಇಲ್ಲಿ ಕೆಲಸವಿಲ್ಲ ಎಂದರು. ಸ್ಪಾಲ್ಡಿಂಗ್ ಸ್ವತಃ ಒಂದು ಕಾಲದಲ್ಲಿ ಹೆಸರಾಂತ ಪಿಚರ್ ಆಗಿದ್ದವನು! ಬಾಗಿಲು ಮುಚ್ಚಿತು. ಒಳಗೆ ಒಬ್ಬೊಬ್ಬ ಹಣವಂತನೂ ತನ್ನ ನಗರದ ಹಳೆಯ ಕ್ಲಬ್ಬಿನಲ್ಲಿ ಪಾಲು ಪಡೆದೋ, ಹಣ ತೆಗೆದುಕೊಂಡೋ ಹೊರಬಂದ. ಒಂದೇ ಋತು ಆಡಿದ ಲೀಗ್ 1891ರ ಆರಂಭಕ್ಕೆ ಇಲ್ಲವಾಯಿತು. ಸಂಘವೂ ಅದರೊಂದಿಗೇ ಹೋಯಿತು. ಆಟಗಾರರು ಹಳೆಯ ಕ್ಲಬ್ಬುಗಳಿಗೆ ಹಿಂತಿರುಗಿದರು. ಮರುವರ್ಷ ಎದುರಾಳಿ ಲೀಗ್ ಯಾವುದೂ ಉಳಿಯದಿದ್ದಾಗ ಸಂಬಳಗಳಿಗೆ ಕತ್ತರಿ ಬಿತ್ತು.

ಪಾಠದ ಮೊದಲ ಅವಧಿಯನ್ನು ನಾನು ನಿಲ್ಲಿಸಿದ್ದು ಈ ಮುಚ್ಚಿದ ಬಾಗಿಲಿನ ಹತ್ತಿರ. ಯಾರ ತಪ್ಪು ಎಂದು ಬರೆದುಕೊಂಡು ಬರಲು ಹೇಳಿದೆ. ಹೆಚ್ಚಿನವರು ಸ್ಪಾಲ್ಡಿಂಗ್ ಎಂದು ಬರೆದಿದ್ದರು. ಒಬ್ಬ ಹುಡುಗ ಮಾತ್ರ ಹಾಲಿನ ಡೈರಿಯ ಅರ್ಧ ಕುರ್ಚಿಗಳು ಎಂದು ಬರೆದು ತಂದಿದ್ದ. ನನ್ನ ಮನಸ್ಸಿನಲ್ಲಿದ್ದ ಉತ್ತರವೂ ಅದೇ. ಕರಾರನ್ನು ಅಷ್ಟು ಸೂಕ್ಷ್ಮವಾಗಿ ಓದಿದ ವಾರ್ಡ್, ತನ್ನ ಪಕ್ಕದಲ್ಲಿ ಕೂತವರು ಯಾವಾಗ ಎದ್ದುಹೋಗಬಹುದು ಎಂಬುದಕ್ಕೆ ಕರಾರಿನಲ್ಲಿ ಕಟ್ಟು ಹಾಕಿರಲಿಲ್ಲ.

ಮುಂದಿನದನ್ನು ಬೇಗ ಹೇಳಬಹುದು. ವಾರ್ಡ್ ಎರಡು ವರ್ಷ ನ್ಯಾಷನಲ್ ಲೀಗ್‌ನ ಬ್ರೂಕ್ಲಿನ್ ತಂಡವನ್ನು, ಮತ್ತೆ ಎರಡು ವರ್ಷ ನ್ಯೂಯಾರ್ಕ್ ತಂಡವನ್ನು ನಡೆಸಿದ. 1894ರಲ್ಲಿ ಬಾಲ್ಟಿಮೋರ್ ತಂಡವನ್ನು ಸತತ ನಾಲ್ಕು ಪಂದ್ಯಗಳಲ್ಲಿ ಸೋಲಿಸಿ ಟೆಂಪಲ್ ಕಪ್ ಗೆದ್ದು, ಮೂವತ್ತನಾಲ್ಕನೆಯ ವಯಸ್ಸಿಗೆ ಆಟ ಬಿಟ್ಟ. ಕರಿ ಕೋಟು ತೊಟ್ಟು ವಕೀಲಿ ಮಾಡಿದ, ಆಟಗಾರರ ಪರವಾಗಿಯೂ ನಿಂತ. ಆಟಗಾರನೊಬ್ಬನಿಗೆ ಕೊಟ್ಟ ಸಲಹೆಯ ಹಳೆಯ ದ್ವೇಷದಿಂದ ಅಮೆರಿಕನ್ ಲೀಗ್‌ನ ಅಧ್ಯಕ್ಷ ಬ್ಯಾನ್ ಜಾನ್ಸನ್ ತನ್ನ ಹೆಸರು ಕೆಡಿಸಿದನೆಂದು ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದ. ಗಾಲ್ಫ್ ಆಟದಲ್ಲೂ ಹೆಸರು ಮಾಡಿದ. 1911ರ ಕೊನೆಯಲ್ಲಿ ಬಾಸ್ಟನ್ ಕ್ಲಬ್ಬಿನಲ್ಲಿ ಪಾಲು ಕೊಂಡು ಅದರ ಅಧ್ಯಕ್ಷನಾದ. ಕಾಯ್ದಿರಿಸುವ ಷರತ್ತು ಆ ಲೀಗ್‌ನಲ್ಲಿ ಹಾಗೆಯೇ ಇತ್ತು. ಒಂದು ವರ್ಷವೂ ತುಂಬದೆ ಪಾಲು ಮಾರಿ ಹೊರಬಂದ. ನಾಯಕನನ್ನು ಕಲೆಯಿಲ್ಲದೆ ತೋರಿಸಬೇಕೆಂದು ಈ ಸಂಗತಿಯನ್ನು ಮುಚ್ಚಿಡುವ ಅಗತ್ಯ ನನಗೆ ಕಾಣಲಿಲ್ಲ. ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಾದರು, ಅಷ್ಟೆ.

1925ರ ಮಾರ್ಚ್ 4ರಂದು, ಅರವತ್ತೈದು ತುಂಬಿದ ಮರುದಿನ, ಜಾರ್ಜಿಯಾ ರಾಜ್ಯದ ಆಗಸ್ಟಾದಲ್ಲಿ ನ್ಯುಮೋನಿಯಾದಿಂದ ಅವನು ತೀರಿಕೊಂಡ. ಅದಕ್ಕೆ ಮೂರು ವರ್ಷ ಮೊದಲು, 1922ರಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ ಏಕಸ್ವಾಮ್ಯವನ್ನು ತಡೆಯುವ ಕಾನೂನು ಬೇಸ್‌ಬಾಲ್‌ಗೆ ಅನ್ವಯಿಸುವುದಿಲ್ಲ ಎಂದು ತೀರ್ಪು ಕೊಟ್ಟಿತ್ತು. 1964ರಲ್ಲಿ ವಾರ್ಡ್‌ನನ್ನು ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಅಲ್ಲಿನ ಫಲಕದಲ್ಲಿ ಪರ್ಫೆಕ್ಟ್ ಗೇಮ್ ಇದೆ, ಹಿಟ್‌ಗಳ ಲೆಕ್ಕವಿದೆ, ಬಾಸ್ಟನ್ ಕ್ಲಬ್ಬಿನ ಅಧ್ಯಕ್ಷನಾಗಿದ್ದದ್ದೂ ಇದೆ. ಸಂಘದ ಹೆಸರಿಲ್ಲ, ಆಟಗಾರರ ಲೀಗ್‌ನ ಹೆಸರೂ ಇಲ್ಲ.

1969ರಲ್ಲಿ ಸೇಂಟ್ ಲೂಯಿಸ್ ತಂಡದ ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರನನ್ನು ಕೇಳದೆಯೇ ಫಿಲಡೆಲ್ಫಿಯಾಗೆ ಕಳಿಸಿದಾಗ ಅವನು ಹೋಗಲಿಲ್ಲ, ಮೊಕದ್ದಮೆ ಹೂಡಿದ. ವಾರ್ಡ್ ಬಳಸಿದ್ದ ಗುಲಾಮಗಿರಿಯ ಹೋಲಿಕೆಯನ್ನು ಅವನೂ ಬಳಸಿದ. ಅವನ ಬಾಯಲ್ಲಿ ಅದರ ತೂಕ ಬೇರೆ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅವನು ಸೋತ. ಕೊನೆಗೆ 1975ರ ಡಿಸೆಂಬರ್ 23ರಂದು, ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಎಂಬ ಇಬ್ಬರು ಪಿಚರ್‌ಗಳ ದೂರಿನ ಮೇಲೆ ಮಧ್ಯಸ್ಥಗಾರ ಪೀಟರ್ ಸೈಟ್ಜ್ ಕರಾರಿನ ಆ ಸಾಲನ್ನು ಮತ್ತೆ ಓದಿದರು. ಇನ್ನೊಂದು ವರ್ಷ ಎಂದು ಬರೆದಿದ್ದರೆ ಅದರ ಅರ್ಥ ಒಂದೇ ವರ್ಷ, ಕೊನೆಯಿಲ್ಲದ ವರ್ಷಗಳಲ್ಲ ಎಂದು ನಿರ್ಣಯಿಸಿದರು. ಬಫಲೊದ ಸಭೆ ನಡೆದು ಆಗ 96 ವರ್ಷಗಳಾಗಿದ್ದವು. ಮಾಲೀಕರು ಅದೇ ದಿನ ಸೈಟ್ಜ್ ಅವರನ್ನು ಕೆಲಸದಿಂದ ತೆಗೆದರು. ನಿರ್ಣಯ ಮಾತ್ರ ಉಳಿಯಿತು.